ಶ್ರೀನಾಥ್ ಅನನುಕರಣೀಯವಾಗಿ ವಂದಿಸಿದರು

ಪತ್ರಿಕೆಯ ಒಳಪುಟಗಳನ್ನು ಓದುವ ಚಟವಿರುವವರಿಗೆ ಒಂದು ವಿಷಯ ಗೊತ್ತಿರುತ್ತದೆ. ಸಭೆ ಎಂಥದ್ದೇ ಇರಲಿ, ದನಗಳ ಕಾಲುಬಾಯಿ ಜ್ವರದ ಲಸಿಕೆ ಶಿಬಿರವಾಗಲಿ, ನಿವೃತ್ತ ಹೆಡ್‌ಮಾಸ್ತರರ ಸನ್ಮಾನವಾಗಲಿ, ಸುದ್ದಿಯ ಕೊನೆಯ ಸಾಲು ಮಾತ್ರ ಒಂದೇ. ಇಂಥವರು ಸ್ವಾಗತಿಸಿದರು, ಇಂಥವರು ನಿರೂಪಿಸಿದರು, ಇಂಥವರು ವಂದಿಸಿದರು. ಹೇಗೆ ಸ್ವಾಗತಿಸಿದರು, ಹೇಗೆ ವಂದಿಸಿದರು ಎಂದು ಯಾರೂ ಬರೆದದ್ದಿಲ್ಲ, ಓದುಗರು ಕೇಳಿದ್ದೂ ಇಲ್ಲ. ಪುಟದಲ್ಲಿ ಜಾಗ ಸಾಲದಿದ್ದರೆ ಸುದ್ದಿಯನ್ನು ಬಾಲದ ಕಡೆಯಿಂದ ಕತ್ತರಿಸುತ್ತಾರೆ. ಹಾಗಾಗಿ ಮೊದಲು ಹೋಗುವ ತಲೆ ವಂದಿಸಿದವರದು.

ಮಗ್ಗೆಯ ಶ್ರೀನಾಥ ಹೀಗೆ ಎಷ್ಟೋ ವರ್ಷಗಳಿಂದ ವಂದಿಸುತ್ತ, ಕತ್ತರಿಸಿಕೊಳ್ಳುತ್ತ ಬಂದವನು. ಮೂರು ಎಕರೆ ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸು, ಕಿಕ್ ಹೊಡೆದರೆ ಮಾತ್ರ ಏಳುವ ಒಂದು ಸ್ಕೂಟರ್, ಹೆಂಡತಿ ಜಗದಾಂಬ, ಹಾಸನದಲ್ಲಿ ಓದುತ್ತಿರುವ ಮಗಳು ಹೇಮಶ್ರೀ, ಇಷ್ಟು ಅವನ ಆಸ್ತಿ. ಊರಿನ ಸಣ್ಣ ಬೆಳೆಗಾರರ ಸಂಘಕ್ಕೆ ಅವನು ಸಹ ಕಾರ್ಯದರ್ಶಿ. ಕಾರ್ಯದರ್ಶಿಯೇ ಎಲ್ಲ ಕೆಲಸವನ್ನೂ ಮೈಮೇಲೆ ಹಾಕಿಕೊಂಡು ಮಾಡುವಾಗ ಸಹ ಕಾರ್ಯದರ್ಶಿಗೆ ಏನು ಉಳಿಯುತ್ತದೆ? ವಂದನಾರ್ಪಣೆ ಉಳಿಯುತ್ತದೆ.

ನಮ್ಮ ಆಲೂರು-ಸಕಲೇಶಪುರದ ಕಡೆ ವಂದನಾರ್ಪಣೆ ಎಂದರೆ ಊಟಕ್ಕೆ ಎಲೆ ಹಾಕಿದ್ದಾರೆ ಎಂದು ಅರ್ಥ. ವಂದಿಸುವವನು ಮೈಕಿನ ಮುಂದೆ ಬಂದು "ಮೊದಲನೆಯದಾಗಿ" ಎಂದನೋ ಇಲ್ಲವೋ, ಕುರ್ಚಿಗಳು ಕಿರ್ರೆನ್ನುತ್ತವೆ. ಇದು ಅಗೌರವವಲ್ಲ. ಬಾಡೂಟದಲ್ಲಿ ಮೊದಲ ಪಂಕ್ತಿಗೆ ತುಂಡು, ಕೊನೆಯ ಪಂಕ್ತಿಗೆ ಸಾರು ಎಂಬುದು ಲೋಕ ಕಂಡ ಸತ್ಯ. ಊಟಕ್ಕೆ ಮುಂದು, ಕೆಲಸಕ್ಕೆ ಹಿಂದು ಎಂದು ಹಿರಿಯರು ಬೈಯುತ್ತಿದ್ದರಾದರೂ ಬೈಯುತ್ತಲೇ ಅವರೂ ಎದ್ದು ಹೋಗುತ್ತಿದ್ದರು. ಇದರಿಂದಾಗಿ ಶ್ರೀನಾಥ ತನ್ನ ಸಾರ್ವಜನಿಕ ಜೀವನದುದ್ದಕ್ಕೂ ಬೆನ್ನುಗಳನ್ನು ಉದ್ದೇಶಿಸಿಯೇ ಮಾತನಾಡಿದ್ದ. ತಾಲೂಕಿನ ಯಾವ ಗಣ್ಯರನ್ನಾದರೂ ಅವನು ಹಿಂದಿನಿಂದ ಗುರುತಿಸಬಲ್ಲವನಾಗಿದ್ದ.

ಇಂಥವನ ಬಾಳಿನಲ್ಲಿ, ಸಂಘದ ವಾರ್ಷಿಕ ಸಭೆ ಮುಗಿದ ಎರಡನೆಯ ದಿನ, ಪತ್ರಿಕೆಯಲ್ಲಿ ಹೀಗೆ ಬಂತು: "ಸುನಿಲ್‌ಕುಮಾರ್ ಸ್ವಾಗತಿಸಿದರು. ಮಾನಸ ನಿರೂಪಿಸಿದರು. ಶ್ರೀನಾಥ್ ಅನನುಕರಣೀಯವಾಗಿ ವಂದಿಸಿದರು."

ಇದನ್ನು ಮೊದಲು ಕಂಡವನು ಬಸ್‌ಸ್ಟ್ಯಾಂಡಿನ ಹೋಟೆಲಿನ ಶಿವು. ಅವನು ಗಿರಾಕಿಗಳಿಗೆ ಪೇಪರನ್ನು ಗಟ್ಟಿಯಾಗಿ ಓದಿ ಹೇಳುವ ಪದ್ಧತಿ ಇಟ್ಟುಕೊಂಡಿದ್ದ. ಆ ಪದ ಬಂದಾಗ ನಾಲಿಗೆ ಸಿಕ್ಕಿಕೊಂಡು, ಹಿಂದಕ್ಕೆ ಹೋಗಿ, ಮತ್ತೆ ಬಂದು, ಮೂರನೆಯ ಸಲಕ್ಕೆ ದಾಟಿದ. ಮೂಲೆಯ ಬೆಂಚಿನಲ್ಲಿ ಕಾಫಿ ಕುಡಿಯುತ್ತಿದ್ದ ಶ್ರೀನಾಥನ ಕಡೆ ಎಲ್ಲರೂ ತಿರುಗಿದರು. ಬೈದಿದ್ದಾರೋ ಹೊಗಳಿದ್ದಾರೋ ಎಂದು ಚರ್ಚೆ ಏಳುವಷ್ಟರಲ್ಲಿ ನಿವೃತ್ತ ಕನ್ನಡ ಟೀಚರ್ ಸುಮಿತ್ರಮ್ಮ ಹಾಲಿನ ಕ್ಯಾನು ಹಿಡಿದು ಆ ದಾರಿಯಲ್ಲೇ ಬಂದರು. ಅವರು ಕನ್ನಡಕ ಸರಿಪಡಿಸಿಕೊಂಡು ಓದಿ, ಬೇರೆ ಯಾರಿಂದಲೂ ನಕಲು ಮಾಡಲಾಗದ ರೀತಿಯಲ್ಲಿ ಎಂದು ಅರ್ಥ ಹೇಳಿದರು. ಅಪ್ಪಟ ಹೊಗಳಿಕೆ ಎಂದೂ ಸೇರಿಸಿದರು. ಸೇವೆಯಲ್ಲಿದ್ದಷ್ಟು ಕಾಲವೂ ಈ ಪದವನ್ನು ಪಾಠ ಮಾಡಿದ್ದೆ, ಊರಿನಲ್ಲಿ ಯಾರ ಮೇಲೂ ಪ್ರಯೋಗಿಸುವ ಸಂದರ್ಭ ಮಾತ್ರ ಒದಗಿರಲಿಲ್ಲ ಎಂದು ಶ್ರೀನಾಥನನ್ನು ತಲೆಯಿಂದ ಕಾಲಿನವರೆಗೆ ನೋಡಿ ಹೊರಟುಹೋದರು.

ಅರ್ಥ ಗೊತ್ತಾದ ಮೇಲೆ ಊರಿಗೆ ನೆಮ್ಮದಿ ಹೋಯಿತು. ಎಲ್ಲರಿಗಿಂತ ಹೆಚ್ಚು ಪೆಟ್ಟಾದದ್ದು ಕಾರ್ಯದರ್ಶಿ ಸುನಿಲ್‌ಕುಮಾರನಿಗೆ. ಅವನು ಸ್ವಾಗತಿಸುವಾಗ ಎರಡು ವಚನ, ಒಂದು ಗಾದೆ, ಒಂದು ಶಾಯರಿ ತಪ್ಪದೆ ಹೇಳುವವನು. ಗಣ್ಯರಿಗೆ ಹಾರ ಹಾಕುವಾಗ ಫೋಟೊದವನ ಕಡೆ ಮುಖ ತಿರುಗಿಸಿ ಉಸಿರು ಬಿಗಿಹಿಡಿದು ನಿಲ್ಲುವವನು. ಅಂಥವನು ಬರೀ ಸ್ವಾಗತಿಸಿದರು! ಅವನು ಅಂದೇ ಸಕಲೇಶಪುರಕ್ಕೆ ಹೋಗಿ, ಆ ಸುದ್ದಿ ಬರೆದ ರಿಹಾನ್‌ನ ಮೊಬೈಲ್ ಅಂಗಡಿಯ ಮುಂದೆ ನಿಂತು ನ್ಯಾಯ ಕೇಳಿದನಂತೆ. "ಹೃದಯಂಗಮವಾಗಿ" ಎಂಬ ಪದವನ್ನು ತಾನೇ ಸೂಚಿಸಿದನಂತೆ. ಸಂಘದ ಅಧ್ಯಕ್ಷ ಕುಳ್ಳಯ್ಯ, ಹೆಸರು ಹಾಗಿದ್ದರೂ ಆಳು ಆರಡಿ, ತಾನು ಹೇಗೆ ಅಧ್ಯಕ್ಷತೆ ವಹಿಸಿದೆ ಎಂಬುದು ಜನರಿಗೆ ತಿಳಿಯಬೇಡವೇ ಎಂದು ಅದೇ ರಿಹಾನ್‌ನನ್ನು ಫೋನಿನಲ್ಲಿ ವಿಚಾರಿಸಿದ.

ಶ್ರೀನಾಥ ಮಾತ್ರ ಕಂಡವರಿಗೆಲ್ಲ "ಅಯ್ಯೋ ಬಿಡಿ, ಅದೇನ್ ದೊಡ್ಡದು" ಎನ್ನುತ್ತ ಓಡಾಡಿದ. ಅದನ್ನು ಹೇಳಲಿಕ್ಕೆಂದೇ ಅವತ್ತು ಬೇಕಾದ್ದಕ್ಕೂ ಬೇಡದ್ದಕ್ಕೂ ಬಸ್‌ಸ್ಟ್ಯಾಂಡಿಗೆ ಮತ್ತೆ ಮತ್ತೆ ಹೋದ. ಜಗದಾಂಬ ಆ ತುಂಡನ್ನು ಕತ್ತರಿಸಿ, ಆಲೂರಿಗೆ ಹೋಗಿ ಲ್ಯಾಮಿನೇಷನ್ ಮಾಡಿಸಿ ದೇವರ ಕೋಣೆಯ ಬಾಗಿಲ ಪಕ್ಕ ನೇತುಹಾಕಿದಳು. ಅಷ್ಟಕ್ಕೇ ನಿಲ್ಲದೆ ಅದರ ಫೋಟೊ ತೆಗೆದು ತವರಿನವರ ವಾಟ್ಸಾಪ್ ಗುಂಪಿಗೂ ಹಾಕಿದಳು. ಅಲ್ಲಿಂದ ಶುರುವಾಯಿತು ಶ್ರೀನಾಥನ ಶನಿಕಾಟ.

ಜಗದಾಂಬಳ ತವರು ದೋಣಿಗಲ್ಲಿನಲ್ಲಿ. ಘಾಟಿ ರಸ್ತೆಯ ಪಕ್ಕ ಗೇಟು, ಗೇಟಿನಿಂದ ಮನೆಗೆ ಹೋಗುವುದರೊಳಗೆ ಸ್ಕೂಟರಿನ ಎಂಜಿನ್ ಬಿಸಿಯಾಗುವಷ್ಟು ದೊಡ್ಡ ಎಸ್ಟೇಟು. ಯಜಮಾನರು ಸುಬ್ಬಯ್ಯ. ಮಗಳಿಗೆ ಅವರು ಬೇರೊಂದು ಎಸ್ಟೇಟಿನ ಹುಡುಗನನ್ನು ಗೊತ್ತುಮಾಡಿದ್ದರು. ಮಗಳು ಕಾಲೇಜು ಬಸ್ಸಿನಲ್ಲಿ ಈ ಮೂರೆಕರೆಯವನನ್ನು ಗೊತ್ತುಮಾಡಿಕೊಂಡು ಬಂದಳು. ಸುಬ್ಬಯ್ಯ ಕೂಗಾಡಲಿಲ್ಲ, ರೇಗಲಿಲ್ಲ. ತಿಂಗಳುಗಟ್ಟಲೆ ಸುಮ್ಮನಿದ್ದು ಒಂದು ದಿನ ಧಾರೆ ಎರೆದು ಕೊಟ್ಟರು. ಅಂದಿನಿಂದ ಅಳಿಯನ ಜೊತೆ ಅವರ ಮಾತು ಎರಡೇ. ಹೋದಾಗ "ಬಂದ್ರಾ", ಹೊರಡುವಾಗ "ಹೊರಟ್ರಾ". ಆ ಮನೆಯ ಮದುವೆ-ಮುಂಜಿಗಳಲ್ಲಿ ಒಬ್ಬ ಅಳಿಯ ಅಡುಗೆಯ ಉಸ್ತುವಾರಿ, ಇನ್ನೊಬ್ಬ ಅಳಿಯ ಬಂದ ಮುಯ್ಯಿ ಹಣ ಬರೆದುಕೊಳ್ಳುವುದು. ಶ್ರೀನಾಥನಿಗೆ ಗೇಟಿನ ಹತ್ತಿರ ನಿಂತು ಬಂದವರ ಕಾರುಗಳನ್ನು ಒಂದು ಕಡೆಗೆ ಹಾಕಿಸುವ ಕೆಲಸ. ಅವನಿಗೆ ಇದರಿಂದ ಬೇಸರವಿತ್ತು, ತುಂಬಾ ಬೇಸರವಿತ್ತು, ಆದರೆ ಹೆಂಡತಿಗೆ ಹೇಳಿದರೆ ಅವಳಿಗೂ ಬೇಸರವಾಗುತ್ತದೆಂದು ಹೇಳಿರಲಿಲ್ಲ.

ಅಂಥ ಸುಬ್ಬಯ್ಯನವರು ಖುದ್ದಾಗಿ ಫೋನು ಮಾಡಿದರು.

"ಪೇಪರ್ ನೋಡ್ದೆ ಅಳಿಯಂದ್ರೇ. ಮುಂದಿನ್ ತಿಂಗ್ಳು ನಂಗೆ ಎಂಬತ್ತು ತುಂಬ್ತೈತೆ. ಮಂಜುನಾಥ ಏನೋ ಸಮಾರಂಭ ಮಾಡ್ತೀನಿ ಅಂತ ಕುಣೀತಾವ್ನೆ. ವಂದನಾರ್ಪಣೆ ನೀವೇ ಮಾಡ್ಬೇಕು. ಪೇಪರ್ನಾಗೆ ಬರ್ದವ್ರಲ್ಲ, ಹಂಗೇ."

ಶ್ರೀನಾಥ ಆಗಲಿ ಎಂದ. ಫೋನಿಟ್ಟು ಖುಷಿಯಿಂದ ಅಂಗಳದಲ್ಲಿ ಎರಡು ಸುತ್ತು ಹಾಕಿದ. ಮೂರನೆಯ ಸುತ್ತಿನಲ್ಲಿ "ಹಂಗೇ" ಎಂಬ ಮಾತು ಅಂಗಾಲಿಗೆ ಮುಳ್ಳಿನ ಹಾಗೆ ಚುಚ್ಚಿತು. ಹಂಗೇ ಎಂದರೆ ಹೇಗೆ? ಆ ದಿನ ತಾನು ಮಾಡಿದ್ದಾದರೂ ಏನು? ಎಷ್ಟು ತಲೆ ಕೆರೆದುಕೊಂಡರೂ ಅವನಿಗೆ ನೆನಪಾಗಲಿಲ್ಲ. ಎಂದಿನಂತೆ ಮೈಕಿನ ಮುಂದೆ ಹೋಗಿದ್ದು, ಎಂದಿನಂತೆ ಬೆನ್ನುಗಳು ಕಂಡದ್ದು, ಕೊನೆಯ ಪಂಕ್ತಿಯಲ್ಲಿ ಎಂದಿನಂತೆ ಸಾರು ಉಂಡದ್ದು, ಇಷ್ಟೇ ನೆನಪು. ಮಾವನ ಮನೆಯಲ್ಲಿ ಗೇಟಿನಿಂದ ವೇದಿಕೆಗೆ ಬರುವ ಒಂದೇ ಒಂದು ಅವಕಾಶ ಸಿಕ್ಕಿದೆ, ಅದಕ್ಕೆ ಬೇಕಾದ ವಿದ್ಯೆ ತನ್ನಲ್ಲೇ ಇದೆ, ಎಲ್ಲಿದೆ ಎಂಬುದು ಮಾತ್ರ ಗೊತ್ತಿಲ್ಲ.

ಮರುದಿನದಿಂದ ಅವನು ತನ್ನ ಶೈಲಿಯನ್ನು ಹುಡುಕಿಕೊಂಡು ಹೊರಟ. ಮೊದಲು ಕುಳ್ಳಯ್ಯನ ಮನೆಗೆ ಹೋಗಿ, ಅಧ್ಯಕ್ಷರು ವೇದಿಕೆಯ ಮೇಲೇ ಇದ್ದಿರಲ್ಲ, ನಾನು ಹೇಗೆ ಮಾತಾಡಿದೆ ಎಂದು ಕೇಳಿದ. ಅಧ್ಯಕ್ಷರು ಅದ್ಭುತ ಎಂದರು. ಯಾವ ಮಾತು ಅದ್ಭುತ ಎಂದರೆ ಒಟ್ಟಾರೆ ಅದ್ಭುತ ಎಂದರು. ಬಿಡದೆ ಕೇಳಿದಾಗ, ಮುಖ್ಯ ಅತಿಥಿಗಳಿಗೆ ಸಕ್ಕರೆ ಕಾಯಿಲೆ, ಹಸಿವು ತಡೆಯುವುದಿಲ್ಲ, ಹಾಗಾಗಿ ಅವರನ್ನು ಕರೆದುಕೊಂಡು ತಾನು ಸ್ವಲ್ಪ ಮುಂಚೆ ಎದ್ದದ್ದು ನಿಜ ಎಂದು ಒಪ್ಪಿಕೊಂಡರು. ನಿರೂಪಣೆ ಮಾಡಿದ್ದ ಅಂಗನವಾಡಿಯ ಮಾನಸ, "ಈಗ ವಂದನಾರ್ಪಣೆ" ಎಂದು ಹೇಳಿದಲ್ಲಿಗೆ ತನ್ನ ಜವಾಬ್ದಾರಿ ಮುಗಿಯಿತೆಂದು ಮಗುವನ್ನೆತ್ತಿಕೊಂಡು ಪಂಕ್ತಿಯಲ್ಲಿ ಜಾಗ ಹಿಡಿದಿದ್ದಳು. ಹೀಗೆ ಮನೆಮನೆಗೆ ಹೋಗಿ ಕೇಳಿದರೂ ಸಿಕ್ಕಿದ್ದು ಅಂದಿನ ಊಟದ ವರ್ಣನೆಯೇ. ಯಾರ ಎಲೆಗೆ ಲಿವರ್ ಬಿತ್ತು, ಯಾರ ಎಲೆಗೆ ಬೀಳಲಿಲ್ಲ ಎಂಬುದೆಲ್ಲ ಅವನಿಗೆ ಬಾಯಿಪಾಠವಾಯಿತು.

ಕೊನೆಗೆ ಅವನಿಗೆ ಅಸಾದುಲ್ಲಾ ನೆನಪಾದ. ಬೆಳಗೋಡಿನ ಅಸಾದುಲ್ಲಾನ ಮೈಕ್‌ಸೆಟ್ ಇಲ್ಲದೆ ಆ ಸುತ್ತಿನಲ್ಲಿ ಸಭೆಯೇ ಆಗುವುದಿಲ್ಲ. ಜನ ಎದ್ದು ಹೋದರೂ ಮೈಕಿನವನು ಹೋಗುವಂತಿಲ್ಲವಲ್ಲ. ಶ್ರೀನಾಥ ಸ್ಕೂಟರಿಗೆ ಕಿಕ್ ಹೊಡೆದು ಬೆಳಗೋಡಿಗೆ ಓಡಿದ. ಅಸಾದುಲ್ಲಾ ಅಂಗಡಿಯ ಮುಂದೆ ವಯರು ಸುತ್ತುತ್ತಿದ್ದವನು, ಪ್ರಶ್ನೆ ಕೇಳಿ ಸಂಕಟಕ್ಕೆ ಸಿಕ್ಕಿದ. ಚಹಾ ತರಿಸಿದ. ಹೆಂಡತಿ ಸಾಲೇಹಾಳನ್ನು ಕರೆದು ಬಿಸ್ಕತ್ತನ್ನೂ ತರಿಸಿದ. ಆಮೇಲೆ ಹೇಳಿದ.

"ತಪ್ಪು ತಿಳ್ಕಬೇಡಿ ಶ್ರೀನಾಥಣ್ಣ. ನೀವು 'ಮೊದಲನೆಯದಾಗಿ' ಅಂತಿದ್ದಂಗೇ ನಾನು ಮೈಕ್ ಆಫ್ ಮಾಡ್ಬುಡ್ತೀನಿ. ವಯರ್ ಬಿಚ್ಚಿ ಊಟಕ್ಕೆ ಓಡ್ಬೇಕಲ್ಲ."

"ಅವತ್ತೊಂದಿನಾನಾ?"

ಅಸಾದುಲ್ಲಾ ಬಿಸ್ಕತ್ತಿನ ತಟ್ಟೆಯನ್ನು ಅವನ ಕಡೆಗೆ ಇನ್ನಷ್ಟು ಸರಿಸಿದ. "ಮೊದ್ಲಿಂದ್ಲೂ ಅಣ್ಣ."

ವರ್ಷಗಳಿಂದ ತನ್ನ ದನಿ ಪೆಂಡಾಲಿನ ಎರಡನೆಯ ಸಾಲಿಗೂ ತಲುಪಿರಲಿಲ್ಲ ಎಂಬ ಸತ್ಯವನ್ನು ಹೊತ್ತುಕೊಂಡು ಶ್ರೀನಾಥ ಮನೆಗೆ ಬಂದ. ಬೇರೆಯವನಾಗಿದ್ದರೆ ಇಲ್ಲಿಗೆ ಕೈಬಿಡುತ್ತಿದ್ದ. ಆದರೆ ಪತ್ರಿಕೆಯಲ್ಲಿ ಅಚ್ಚಾದದ್ದು ಸುಳ್ಳಿರಲಾರದೆಂದು ನಂಬಿ ಬೆಳೆದ ತಲೆಮಾರು ಅವನದು. ಕೇಳಿಸದಿದ್ದರೇನಂತೆ, ಕಂಡಿರಬಹುದು ಎಂದುಕೊಂಡ. ಶೈಲಿ ಇರುವುದು ಮಾತಿನಲ್ಲಿ ಅಲ್ಲ, ನಿಲುವಿನಲ್ಲಿ! ಅಂದಿನ ಅಂಗಿಯನ್ನೇ ಹಾಕಿ, ಅಂದಿನ ಚಪ್ಪಲಿಯನ್ನೇ ಮೆಟ್ಟಿ, ಬೀರುವಿನ ಕನ್ನಡಿಯ ಮುಂದೆ ವಂದಿಸಿ ನೋಡಿದ. ಕೈ ಕಟ್ಟಿ ವಂದಿಸಿದ, ಕೈ ಬಿಟ್ಟು ವಂದಿಸಿದ. ಕಾಫಿ ಗಿಡಗಳ ನಡುವೆ ನಿಂತು ವಂದಿಸುವಾಗ ಚಿಗುರು ತೆಗೆಯಲು ಬಂದಿದ್ದ ಹೆಂಗಸರು ಕೆಲಸ ನಿಲ್ಲಿಸಿ, ಅಯ್ಯನವರಿಗೆ ಏನಾಯಿತೆಂದು ಜಗದಾಂಬಳನ್ನು ಕರೆದುಕೊಂಡು ಬಂದರು.

ಇತ್ತ ತಾಲೂಕಿನಲ್ಲಿ ಬೇರೆಯದೇ ರೋಗ ಹಬ್ಬಿತ್ತು. ನಕಲು ಮಾಡಲಾಗದ್ದು ಎಂದು ಒಮ್ಮೆ ಅಚ್ಚಾದ ಮೇಲೆ ನಕಲು ಮಾಡದೆ ಬಿಡುವುದುಂಟೆ? ಬೆಳಗೋಡಿನ ಶಾಲಾ ವಾರ್ಷಿಕೋತ್ಸವದಲ್ಲಿ ಒಬ್ಬ ಮೇಷ್ಟ್ರು ಕಣ್ಣು ಮುಚ್ಚಿಕೊಂಡು ವಂದಿಸಿ, ಇದು ಮಗ್ಗೆ ಶೈಲಿ ಎಂದರು. ಹಾಲಿನ ಸೊಸೈಟಿಯ ಸಭೆಯಲ್ಲಿ ಇನ್ನೊಬ್ಬ ಪ್ರತಿ ಹೆಸರಿಗೂ ಮೇಜು ಗುದ್ದಿದ. ಸುನಿಲ್‌ಕುಮಾರನಂತೂ ಆ ಶೈಲಿ ಇರುವುದೆಲ್ಲ ಎಡಗೈಯಲ್ಲಿ ಎಂದು ಶಿವು ಹೋಟೆಲಿನಲ್ಲಿ ಪ್ರಾತ್ಯಕ್ಷಿಕೆ ಕೊಡುತ್ತಿದ್ದ. ಇವರಲ್ಲಿ ಯಾರೂ ಮೂಲವನ್ನು ಕಂಡಿರಲಿಲ್ಲ. ಶ್ರೀನಾಥ ಒಂದು ಸಭೆಯನ್ನೂ ಬಿಡದೆ ಹೋಗಿ, ಹಿಂದಿನ ಸಾಲಿನಲ್ಲಿ ಕೂತು, ಇವರನ್ನು ನೋಡಿ ತನ್ನ ಶೈಲಿಯನ್ನು ಕಲಿಯಲು ಪ್ರಯತ್ನಿಸಿದ. ಕಲಿತದ್ದನ್ನೆಲ್ಲ ಒಟ್ಟು ಸೇರಿಸಿ ಶಿವುವಿನ ತಮ್ಮನ ಗೃಹಪ್ರವೇಶದಲ್ಲಿ ವಂದಿಸುವಾಗ ಕಣ್ಣು ಮುಚ್ಚಿ, ಮೇಜು ಗುದ್ದಿ, ಎಡಗೈ ಎತ್ತಿದ. ಊಟದ ಸಾಲಿನಲ್ಲಿ ನಿಂತಿದ್ದ ಒಬ್ಬ ಅಜ್ಜಿ ತಿರುಗಿ ನೋಡಿ, "ಯಾರದು, ಆ ಸುನಿಲ್‌ಕುಮಾರನ್ನ ಅಣಕಿಸ್ತಿರೋದು?" ಎಂದು ಕೇಳಿದಳು.

ಸಮಾರಂಭಕ್ಕೆ ಇನ್ನು ಎರಡೇ ದಿನ ಎನ್ನುವಾಗ ಅವನಿಗೆ ಬೇರೆ ದಾರಿ ಉಳಿಯಲಿಲ್ಲ. ಬರೆದವನನ್ನೇ ಕೇಳಿಬಿಡುವುದೆಂದು ಸಕಲೇಶಪುರಕ್ಕೆ ಹೋದ. ಇಷ್ಟು ದಿನ ಹೋಗದಿದ್ದಕ್ಕೆ ಕಾರಣ ಹೆದರಿಕೆ. ರಿಹಾನ್ ಒಳ್ಳೆಯ ಹುಡುಗ. ಅಂಗಡಿಯಲ್ಲಿದ್ದ ಗಿರಾಕಿಗಳನ್ನೆಲ್ಲ ಕಳಿಸಿ, ಸ್ಟೂಲು ಹಾಕಿ ಕೂರಿಸಿದ.

"ನಿಮ್ಗೆ ಸುಳ್ಳು ಹೇಳಲ್ಲ ಶ್ರೀನಾಥಣ್ಣ. ನಾನು ಕಡುಬು ಕಾಯಿಹಾಲು ತಿಂತಾ ಇದ್ದೆ. ದೂರದಿಂದ ನಿಮ್ಮ ಬಾಯಿ ಅಲ್ಲಾಡೋದು ಕಾಣ್ತಿತ್ತು, ಏನೂ ಕೇಳಿಸ್ಲಿಲ್ಲ. ಮಾರನೇ ದಿನ ಬರೆಯೋಕೆ ಕೂತಾಗ ನಾಚಿಕೆ ಆಯ್ತು. ಎಷ್ಟ್ ವರ್ಷದಿಂದ ನಿಮ್ಮ ವಂದನಾರ್ಪಣೆ ಬರೀತಿದೀನಿ, ಒಂದ್ಸಲಾನೂ ಕೇಳಿಲ್ವಲ್ಲ ಅಂತ. ಅದಕ್ಕೇ ನಂಗೆ ಗೊತ್ತಿದ್ದ ಪದಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನ ನಿಮಗೆ ಹಾಕ್ದೆ."

ಶ್ರೀನಾಥನಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಚೆನ್ನಾಗಿರುತ್ತಿತ್ತು. ಮನೆಗೆ ಬಂದು ಕಂಬಳಿ ಹೊದ್ದು ಮಲಗಿ, ಜ್ವರ ಬರುವ ಹಾಗಿದೆ, ದೋಣಿಗಲ್ಲಿಗೆ ನೀನೊಬ್ಬಳೇ ಹೋಗು ಎಂದ. ಜಗದಾಂಬ ಹಣೆ ಮುಟ್ಟಿ ನೋಡಿದಳು. ತಣ್ಣಗಿತ್ತು. ಅವಳು ಸೀರೆಗೆ ಇಸ್ತ್ರಿ ಹಾಕುವುದನ್ನು ನಿಲ್ಲಿಸಲೂ ಇಲ್ಲ.

"ನೋಡ್ರೀ, ಅಪ್ಪ ಫೋನಲ್ಲಿ ನೆಂಟ್ರಿಗೆಲ್ಲ ನಮ್ಮ ಅಳಿಯಂದ್ರು ಮಾತಾಡ್ತಾರೆ, ಕೇಳೋಕೆ ಬನ್ನಿ ಅಂತ ಕರೀತಾವ್ರಂತೆ. ಎಂಬತ್ತು ವರ್ಷದ ಊಟಕ್ಕೆ ಬನ್ನಿ ಅಂತಲ್ಲ. ಮದ್ವೆಯಾದಾಗಿಂದ ಇದೊಂದ್ ಮಾತು ಕೇಳೋಕೆ ಕಾಯ್ತಿದ್ದೆ ನಾನು. ಜ್ವರ ಬಂದ್ರೆ ಗುಳಿಗೆ ನುಂಗಿ. ಬರ್ದೇ ಇರೋದು ಮಾತ್ರ ಆಗಾಕಿಲ್ಲ."

ಕೊನೆಯ ಮಾತಿಗೆ ಅವಳು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟಳು. ಶ್ರೀನಾಥ ಕಂಬಳಿ ತೆಗೆದು ಎದ್ದು ಕೂತ.

ದೋಣಿಗಲ್ಲಿನಲ್ಲಿ ಕಾಫಿ ಒಣಗಿಸುವ ಕಣದ ತುಂಬ ಪೆಂಡಾಲು ಹಾಕಿದ್ದರು. ಕೆಳಗೆ ಘಾಟಿ ರಸ್ತೆಯಲ್ಲಿ ಲಾರಿಗಳು ಹಾರ್ನು ಹೊಡೆಯುತ್ತಿದ್ದವು. ಮಂಗಳೂರಿನಿಂದ ಹಾಸನದವರೆಗಿನ ನೆಂಟರೆಲ್ಲ ಬಂದಿದ್ದರು. ಗೇಟಿನ ಹತ್ತಿರ ಕಾರು ಹಾಕಿಸಲು ಬೇರೆ ಯಾರನ್ನೋ ನಿಲ್ಲಿಸಿದ್ದರು. ವೇದಿಕೆಯ ಮುಂದೆ, ಹೂವು ಸುತ್ತಿದ ಕುರ್ಚಿಯಲ್ಲಿ, ಶಾಲು ಹೊದ್ದು, ಮಂಡಿ ನೋವಿಗೆ ಕಾಲು ನೀಡಿಕೊಂಡು ಸುಬ್ಬಯ್ಯ ಕೂತಿದ್ದರು. ಮಗ ಮಂಜುನಾಥ ಸ್ವಾಗತಿಸಿದ. ಯಾರೋ ಹಾಡಿದರು, ಯಾರೋ ಹೊಗಳಿದರು. ಪಕ್ಕದ ಪೆಂಡಾಲಿನಿಂದ ಕೋಳಿ ಸಾರಿನ ವಾಸನೆ ಬರತೊಡಗಿದ ಹೊತ್ತಿಗೆ ಶ್ರೀನಾಥನ ಹೆಸರು ಕರೆದರು.

ಅವನು ಮೈಕಿನ ಮುಂದೆ ನಿಂತು "ಮೊದಲನೆಯದಾಗಿ" ಎಂದ. ಅಭ್ಯಾಸಬಲದಿಂದ ಕುರ್ಚಿಗಳ ಸದ್ದಿಗೆ ಕಾದ. ಸದ್ದು ಬರಲಿಲ್ಲ. ತಲೆಯೆತ್ತಿ ನೋಡಿದ.

ಒಬ್ಬರೂ ಎದ್ದಿರಲಿಲ್ಲ. ಇನ್ನೂರು-ಮುನ್ನೂರು ಮುಖಗಳು ಅವನನ್ನೇ ನೋಡುತ್ತಿದ್ದವು. ಕೆಲವರು ಮೊಬೈಲು ಎತ್ತಿ ಹಿಡಿದಿದ್ದರು. ಹಿಂದೆ ಅಡುಗೆಯವರು ಸೌಟು ಹಿಡಿದೇ ಬಂದು ನಿಂತಿದ್ದರು. ಅಸಾದುಲ್ಲಾ, ಅಂದೂ ಅವನದೇ ಮೈಕ್‌ಸೆಟ್, ಬಟನ್ನಿನ ಮೇಲಿಂದ ಕೈ ತೆಗೆದು ಕಿವಿ ನಿಮಿರಿಸಿಕೊಂಡಿದ್ದ. ಶ್ರೀನಾಥ ಜನ್ಮದಲ್ಲಿ ಸಭೆಯ ಮುಖವನ್ನು ನೋಡಿದವನಲ್ಲ. ಮುಖಗಳಿಗೆ ಇಷ್ಟೊಂದು ಕಣ್ಣುಗಳಿರುತ್ತವೆಂದು ಅವನಿಗೆ ಗೊತ್ತಿರಲಿಲ್ಲ. "ಮೊದಲನೆಯದಾಗಿ" ಎಂದು ಇನ್ನೊಮ್ಮೆ ಹೇಳಿದ. ಬಹಳ ಹೊತ್ತು ಬಿಟ್ಟು ಮೂರನೆಯ ಸಲ "ಮೊದಲನೆಯದಾಗಿ" ಎಂದ. ಮಧ್ಯದ ಸಾಲಿನಲ್ಲಿ ಒಬ್ಬರು ಪಕ್ಕದವರಿಗೆ, ಶುರುವಾಯಿತು, ಇದೇ ಆ ಶೈಲಿ ಎಂದು ಪಿಸುಗುಟ್ಟಿದರು. ಪಕ್ಕದವರು ಭಕ್ತಿಯಿಂದ ತಲೆಯಾಡಿಸಿದರು.

ಜಗದಾಂಬ ಹೆಂಗಸರ ಸಾಲಿನಲ್ಲಿ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಕೂತಿದ್ದಳು. ಅವಳನ್ನು ನೋಡಿದ ಮೇಲೆ ಶ್ರೀನಾಥನಿಗೆ ಸುಳ್ಳಾಡುವ ಶಕ್ತಿಯೂ ಹೋಯಿತು.

"ದಯವಿಟ್ಟು ಎಲ್ರೂ ಊಟಕ್ಕೆ ಏಳಿ," ಎಂದ. "ನೀವ್ ಹಿಂಗ್ ನೋಡ್ಕಂಡ್ ಕೂತಿದ್ರೆ ನನ್ ಕೈಲಿ ವಂದಿಸೋಕೆ ಆಗಲ್ಲ. ಎದ್ದು ಹೋಗಿ, ಆಮೇಲೆ ಶುರು ಮಾಡ್ತೀನಿ."

ಯಾರೋ ಚಪ್ಪಾಳೆ ತಟ್ಟಿದರು. ಇಷ್ಟು ಚುಟುಕಾಗಿ, ಇಷ್ಟು ಜನಪರವಾಗಿ ವಂದಿಸಿದವರನ್ನು ತಾನು ಕಂಡೇ ಇಲ್ಲ ಎಂದು ಮಂಗಳೂರಿನ ನೆಂಟರೊಬ್ಬರು ಹೇಳುತ್ತಲೇ ಎದ್ದರು. ಕುರ್ಚಿಗಳು ಕಿರ್ರೆಂದವು. ಪೆಂಡಾಲು ಖಾಲಿಯಾಯಿತು. ಅಸಾದುಲ್ಲಾ ಬಟನ್ ಆಫ್ ಮಾಡಿ ವಯರು ಬಿಚ್ಚಿದ. ಜಗದಾಂಬ ಹಣೆ ಚಚ್ಚಿಕೊಂಡು ಅಡುಗೆಯ ಕಡೆಗೆ ಹೋದಳು. ಅವಳ ಬೆನ್ನು ಕಂಡಿತು.

ಬೆನ್ನುಗಳು ಕಂಡದ್ದೇ ಶ್ರೀನಾಥನ ನಾಲಿಗೆ ಸಡಿಲವಾಯಿತು. ಶಾಮಿಯಾನದವರಿಗೆ, ಹೂವಿನವರಿಗೆ, ಹಾಡಿದವರಿಗೆ ಗಡಗಡನೆ ವಂದಿಸಿ ಮುಗಿಸಿ, ಅಭ್ಯಾಸದಂತೆ ಅತಿಥಿಗಳ ಕಡೆ ತಿರುಗಿದಾಗ, ಒಂದು ಕುರ್ಚಿ ಖಾಲಿಯಾಗಿಲ್ಲವೆಂದು ಗೊತ್ತಾಯಿತು. ಮಂಡಿ ನೋವಿನ ಸುಬ್ಬಯ್ಯ ಯಾರಾದರೂ ಎಬ್ಬಿಸದೆ ಏಳುವಂತಿರಲಿಲ್ಲ. ಎಬ್ಬಿಸಬೇಕಾದವರೆಲ್ಲ ಮೊದಲ ಪಂಕ್ತಿಗೆ ಓಡಿದ್ದರು. ಮುದುಕರು ಕೋಲಿನ ಮೇಲೆ ಗಲ್ಲ ಊರಿ ಅಳಿಯನನ್ನೇ ನೋಡುತ್ತಿದ್ದರು.

ವಂದನೆ ಶುರುವಾಗಿಬಿಟ್ಟಿತ್ತು. ನಡುವೆ ನಿಲ್ಲಿಸುವುದು ಶ್ರೀನಾಥನಿಗೆ ಗೊತ್ತಿರಲಿಲ್ಲ.

"ಮುಖ್ಯವಾಗಿ ನಿಮಗೆ ಮಾವ," ಎಂದ. "ಹೇಮಶ್ರೀ ಹುಟ್ಟಿದಾಗ ಘಾಟಿ ಕುಸಿದಿತ್ತು. ನೀವು ಎಲ್ಲೆಲ್ಲೋ ಸುತ್ತಿ ಜೀಪ್ ತಂದು ಆಸ್ಪತ್ರೆ ಬಾಗಿಲಲ್ಲಿ ನಿಂತ್ರಿ. ಒಳಗೆ ಬನ್ನಿ ಅಂದ್ರೆ ಬರ್ಲಿಲ್ಲ, ಕೂತ್ಕಳಿ ಅಂದ್ರೆ ಕೂರ್ಲಿಲ್ಲ. ಮಗು ಅತ್ತಿದ್ದು ಕೇಳಿಸ್ಕಂಡು ಹೊರಟೇ ಹೋದ್ರಿ. ಅದಕ್ಕೆ ಅವತ್ತು ಏನೂ ಹೇಳ್ಲಿಲ್ಲ ನಾನು. ಇವತ್ತು ವಂದನೆ. ಇನ್ನೊಂದೈತೆ. ಜಗದಾಂಬನ್ನ ನೀವು ನಂಗೆ ಮನಸ್ಸಿಲ್ದೆ ಕೊಟ್ರಿ, ಅದು ಗೊತ್ತು. ಮನಸ್ಸಿದ್ದು ಕೊಡೋರಿಗೆ ಒಂದು ವಂದನೆ ಸಾಕು, ಅವ್ರಿಗೇನ್ ಕಷ್ಟ ಐತೆ? ಮನಸ್ಸಿಲ್ದೇನೂ ಕೊಟ್ಟೋರಿಗೆ ಎರಡು ಹೇಳ್ಬೇಕು. ಎರಡು ವಂದನೆ ಮಾವ. ಇಲ್ಲಿಗೆ ಕಾರ್ಯಕ್ರಮ ಮುಕ್ತಾಯ."

ಕೈ ಮುಗಿದ. ಮೈಕು ಸತ್ತಿತ್ತು, ಪಕ್ಕದ ಪೆಂಡಾಲಿನಲ್ಲಿ ಎಲೆಗಳ ಗದ್ದಲ. ಸುಬ್ಬಯ್ಯ ಶಾಲಿನಿಂದ ಮುಖ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು.

ಅಷ್ಟರಲ್ಲಿ ಅಪ್ಪನನ್ನು ಮರೆತದ್ದು ನೆನಪಾಗಿ ಮಂಜುನಾಥ ಎಂಜಲು ಕೈಯಲ್ಲೇ ಓಡಿಬಂದ. ಅಪ್ಪನ ಕಣ್ಣು ಕೆಂಪಾಗಿರುವುದನ್ನು ನೋಡಿ ಗಾಬರಿಯಾಗಿ, ಭಾವ ಏನು ಹೇಳಿದರು ಎಂದು ಕೇಳಿದ. ಸುಬ್ಬಯ್ಯ ಹೇಳಹೊರಟರು. "ಅದ್ಯಾಕೆ... ಕೊಡೋರ್ಗೆ ಒಂದು..." ಎಂದು ಶುರುಮಾಡಿ, ನಿಲ್ಲಿಸಿ, ಮತ್ತೆ ಬೇರೆ ಕಡೆಯಿಂದ ಶುರುಮಾಡಿ, ಕೈ ಕೊಡವಿದರು.

"ನನ್ ಬಾಯಾಗೆ ಬರಾಕಿಲ್ಲ ಕಣೋ. ಅದನ್ನ ಅವ್ರೇ ಹೇಳ್ಬೇಕು."

ಮಂಜುನಾಥ ಭಾವನ ಕಡೆ ತಿರುಗಿದ. ಶ್ರೀನಾಥ ಬಾಯಿ ತೆರೆದ. ಮಂಜುನಾಥನ ಮುಖ ಕಂಡಿತು. ಒಂದಕ್ಷರವೂ ಹೊರಡಲಿಲ್ಲ. ಇಬ್ಬರಿಗೂ ಏನೋ ಆಗಿದೆ ಎಂದುಕೊಂಡು ಮಂಜುನಾಥ ಅಪ್ಪನನ್ನು ಎಬ್ಬಿಸಲು ಹೋದರೆ, ಅವರು ಅವನ ಕೈ ಸರಿಸಿ ಅಳಿಯನ ಹೆಗಲು ಹಿಡಿದು ಎದ್ದರು.

ಕೊನೆಯ ಪಂಕ್ತಿಯಲ್ಲಿ ಮಾವ ಅಳಿಯ ಅಕ್ಕಪಕ್ಕ ಕೂತರು. ತುಂಡು ಮುಗಿದಿತ್ತು. ಬಡಿಸುವವನು ಯಜಮಾನರ ಎಲೆಗೆ ಬರೀ ಸಾರು ಹಾಕಲು ಅಂಜಿ ನಿಂತಾಗ, ಹಾಕು, ಇಬ್ಬರಿಗೂ ಹಾಕು ಎಂದರು ಸುಬ್ಬಯ್ಯ. ಜಗದಾಂಬ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮುದುಕರು ಅನ್ನದಲ್ಲಿ ಗುಳಿ ಮಾಡುತ್ತ, ಎಲೆಯಿಂದ ತಲೆಯೆತ್ತದೆ ಹೇಳಿದರು.

"ಮನಸ್ಸಿತ್ತು ಕಣ್ರೀ. ಅವತ್ತೂ ಇತ್ತು. ಹೇಳಾಕೆ ಬರ್ಲಿಲ್ಲ."

ಶ್ರೀನಾಥನೂ ಎಲೆಯನ್ನೇ ನೋಡುತ್ತ ಅಂದ. "ಹಂಗಾದ್ರೆ ಒಂದ್ ವಂದನೆ ವಾಪಸ್ ಕೊಡ್ಬೇಕಾಗ್ತದೆ ಮಾವ."

"ಕೊಡಾಕಿಲ್ಲ," ಎಂದು ಸುಬ್ಬಯ್ಯ ಅನ್ನ ಕಲೆಸಿಕೊಂಡರು.